ತಪ್ಪು ಬಣ್ಣದ ಒಂಟೆ

ಮನೆಯಲ್ಲಿ ಈರುಳ್ಳಿ ಹೆಚ್ಚಿಕೊಂಡಿರಿ ಎಂದು ಯಾರೋ ತನಗೆ ಬರೆದದ್ದನ್ನು ಅವಳು ಈರುಳ್ಳಿ ಹೆಚ್ಚುತ್ತಲೇ ಓದಿದಳು. ಬೇರೆ ಯಾವ ತರಕಾರಿಯಾಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಎಣ್ಣೆಯ ಡಬ್ಬಿಗೆ ಒರಗಿಸಿಟ್ಟಿದ್ದ ಫೋನಿನಲ್ಲಿ ಆ ಸಾಲುಗಳು ಹೊಳೆಯುತ್ತಿದ್ದವು, ಕಣ್ಣಿಂದ ನೀರು ಸುರಿಯುತ್ತಿತ್ತು. ಯಾರಾದರೂ ಕೇಳಿದರೆ ಈರುಳ್ಳಿ ಎನ್ನಬಹುದಾಗಿತ್ತು. ಕೇಳುವವರು ಯಾರೂ ಇರಲಿಲ್ಲ.

ಬರೆದವನ ಹೆಸರು ಒಂಟಿಕುದುರೆ. ಅಂತರ್ಜಾಲದ ಆ ಚದುರಂಗ ಬಳಗದಲ್ಲಿ ಎಲ್ಲರಿಗೂ ಇಂಥ ಹೆಸರುಗಳೇ. ಅವಳು ಅಲ್ಲಿ ಕನ್ನಡಕದಕ್ಕ. ಹಗಲು ಹೊತ್ತು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಶನಿವಾರ ಸಂಜೆ ಒಂದು ಗಂಟೆ ಮಾತ್ರ ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು, ಹೊಸದಾಗಿ ಆಟ ಕಲಿಯುವವರಿಗೆ ಪಾಠ ಹೇಳುತ್ತಿದ್ದಳು. ಬಿಟ್ಟಿ ಪಾಠ. ಬಳಗದಲ್ಲಿ ಕಲಿಸುವವರೆಲ್ಲ ಬಿಟ್ಟಿಯೇ. ಅದಕ್ಕೇ ಏನೋ, ಕೇಳುವವರು ವಿಪರೀತ ವಿನಯದಿಂದ ಕೇಳುತ್ತಿದ್ದರು. ಪಾಠ ಮುಗಿದದ್ದೇ ತಡ, "ಅದ್ಭುತ ಅಕ್ಕ", "ನಿಮ್ಮಂಥೋರು ಯಾರೂ ಇಲ್ಲ ಅಕ್ಕ", ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು. ಇಡೀ ವಾರದಲ್ಲಿ ಅವಳು ಬಾಯಿ ತೆರೆದಾಗ ಜನ ಸುಮ್ಮನಿದ್ದು ಕೇಳುತ್ತಿದ್ದ ಗಂಟೆ ಅದೊಂದೇ. ಅದು ಹೋದರೆ ಮಿಕ್ಕ ವಾರದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಅವಳು ಹೇಳಿಕೊಟ್ಟದ್ದು ಆಟದ ಕೊನೆಯ ಘಟ್ಟ. ಎದುರಾಳಿಯ ಹತ್ತಿರ ರಾಜ, ಒಂದು ಒಂಟೆ, ಹಲಗೆಯ ಅಂಚಿನ ಸಾಲಿನಲ್ಲಿ ಒಂದು ಪದಾತಿ ಇದೆ, ನಿಮ್ಮ ಹತ್ತಿರ ಬರೀ ರಾಜ. "ಇಷ್ಟಾಯ್ತು ಅಂದ್ರೆ ಆಟ ಮುಗೀತು ಅಂತ್ಲೇ ಲೆಕ್ಕ. ಒಂಟೆ ಕಾವಲಿಗೆ ನಿಲ್ಲುತ್ತೆ, ಪದಾತಿ ಮುಂದೆ ಹೋಗಿ ರಾಣಿ ಆಗುತ್ತೆ. ಸುಮ್ನೆ ಎಳೆದಾಡಿ ಎದುರಿನವರ ಹೊತ್ತು ಹಾಳು ಮಾಡ್ಬೇಡಿ. ಮರ್ಯಾದೆಯಾಗಿ ಸೋಲೊಪ್ಕೊಳ್ಳಿ," ಎಂದಿದ್ದಳು. ಎಂದಿನಂತೆ ಹೂವು ಬಂದವು. ಹೂವುಗಳ ನಡುವೆ ಒಂಟಿಕುದುರೆ ಬಂದ.

"ಇದನ್ನ ಪಾಠ ಅಂತಾರಾ? ಪದಾತಿ ರಾಣಿ ಆಗ್ಬೇಕಾದ ಮೂಲೆ ಮನೆ ಬಿಳಿ. ನೀವಿಟ್ಟಿರೋ ಒಂಟೆ ಓಡಾಡೋದು ಕಪ್ಪು ಮನೆ ಮೇಲೆ. ಬರೀ ರಾಜ ಆ ಮೂಲೇಲಿ ಹೋಗಿ ಕೂತ್ರೆ ನಿಮ್ಮಜ್ಜ ಬಂದ್ರೂ ಎಬ್ಬಿಸೋಕಾಗಲ್ಲ. ಆಟ ಸಮ. ಗೊತ್ತಿಲ್ದೇ ಇರೋರು ಕಲಿಸೋಕೆ ಯಾಕೆ ಬರ್ತೀರಿ? ಮನೇಲಿ ಈರುಳ್ಳಿ ಹೆಚ್ಕೊಂಡಿರಿ."

ಅವಳು ಈರುಳ್ಳಿಯ ತನಕ ಓದಿದಳು. ಒಂಟೆಯ ವಿಷಯ ತಲೆಗೆ ಹೋಗಲೇ ಇಲ್ಲ.

ಗಂಡ ಊಟಕ್ಕೆ ಕೂತಾಗ ಹೇಳಿಕೊಂಡಳು. ಅವನು ಪೂರ್ತಿ ಕೇಳಿ, ನೀರು ಕುಡಿದು, "ಬಿಟ್ಟಾಕು ಅತ್ಲಾಗೆ. ಅವರೇನು ಸಂಬಳ ಕೊಡ್ತಾರಾ?" ಎಂದ. ಅವಳ ಅತ್ತೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ತಟ್ಟೆಯ ಕಡೆಗೇ ನೋಡುತ್ತ, "ಈರುಳ್ಳಿ ದಪ್ಪ ಆಗಿದೆ ಇವತ್ತು," ಎಂದರು.

*

ಮಾರನೆಯ ದಿನ ಬಳಗದ ಮುಖ್ಯಸ್ಥರು ಕಲಿಸುವವರನ್ನೆಲ್ಲ ಫೋನಿನಲ್ಲೇ ತುರ್ತು ಮಾತುಕತೆಗೆ ಕರೆದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರ್. ರೈಲು ಬಿಟ್ಟರೂ ಹಸಿರು ಬಾವುಟ ಬಿಟ್ಟಿರಲಿಲ್ಲ. ಯಾರು ಯಾವಾಗ ಮಾತಾಡಬೇಕು, ಎಷ್ಟು ಮಾತಾಡಬೇಕು, ಯಾವಾಗ ನಿಲ್ಲಬೇಕು ಎಲ್ಲ ಅವರೇ ಹೇಳುತ್ತಿದ್ದರು. ಅಂದಿನ ವಿಷಯ: ಬಳಗದಲ್ಲಿ ಸಭ್ಯ ಭಾಷೆ.

"ಆ ಕತ್ತೆ ಯಾರು ಅಂತ ಮೊದಲು ಗೊತ್ತಾಗ್ಬೇಕು," ಎಂದು ಸಭ್ಯ ಭಾಷೆಯ ಚರ್ಚೆಯನ್ನು ಹಲ್ಲಿನ ಡಾಕ್ಟರು ಆರಂಭಿಸಿದರು. ಅವರು ಬಳಗದಲ್ಲಿ ಆಟದ ಆರಂಭದ ನಡೆಗಳನ್ನು ಕಲಿಸುವವರು.

"ಹೆಸರಲ್ಲಿ ಕುದುರೆ ಇದೆ, ಡಾಕ್ಟ್ರೇ," ಎಂದರು ಗಣಿತದ ಮೇಷ್ಟ್ರು.

"ಅದು ಅವನು ಇಟ್ಕೊಂಡಿರೋದು. ನಾನು ಹೇಳ್ತಿರೋದು ಅವನ ಜಾತಕ."

"ಅನಾಗರಿಕ! ಹೆತ್ತವರು ನೆಟ್ಟಗೆ ಬೆಳೆಸಿಲ್ಲ."

"ಬೆಳೆದಿದ್ದಾನೆ ಅಂತ ಯಾರು ಹೇಳಿದ್ದು?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅರ್ಧ ಗಂಟೆ ಒಂಟಿಕುದುರೆಯ ತಲೆಮಾರುಗಳನ್ನು ಜಾಲಾಡಿದ ಮೇಲೆ ಅವಳ ಮನಸ್ಸು ಹಗುರಾಯಿತು. ತನಗಾಗಿ ಇಷ್ಟು ಜನ ಇನ್ನೊಬ್ಬರನ್ನು ಬೈದದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಮೈಮೇಲೆ ಶಾಲು ಹೊದಿಸಿದಷ್ಟು ಬೆಚ್ಚಗೆನಿಸಿತು. ಅವನು ಹೇಳಿದ್ದು ಸರಿಯೋ ತಪ್ಪೋ ಎಂದು ಮಾತ್ರ ಯಾರೂ ಎತ್ತಲಿಲ್ಲ. ಎತ್ತುವುದು ಸಭ್ಯತೆಯಲ್ಲ ಎಂದುಕೊಂಡರೋ ಏನೋ.

ಕೊನೆಗೆ ಸ್ಟೇಷನ್ ಮಾಸ್ಟರು, "ನೋಡಮ್ಮ, ನಮ್ಮಲ್ಲೊಂದು ನಿಯಮ ಇದೆ. ಯಾರಿಗೆ ಅವಮಾನ ಆಯ್ತೋ ಅವರು ಹೂಂ ಅಂದ್ರೆ ಮಾಡಿದವನು ಹೊರಗೆ. ಅವನು ಬರೆದಿರೋದು ಎಲ್ಲಾ ಅಳಿಸಿಹಾಕ್ತೀವಿ, ಗುರುತೇ ಇರಲ್ಲ. ಹೂಂ ಅಂತೀರಾ?" ಎಂದರು.

ಹೂಂ ಎನ್ನುವುದು ಬಾಯ ತುದಿಗೆ ಬಂದಿತ್ತು. ಹೊರಗೆ ಗಂಡ ಬಾಗಿಲು ತಟ್ಟಿ ಕಾರಿನ ಬೀಗದ ಕೈ ಎಲ್ಲಿ ಎಂದು ಕೇಳಿದ. "ನಾಳೆ ಹೇಳ್ತೀನಿ ಸರ್," ಎಂದಳು. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

*

ಅಂಗಡಿಯಲ್ಲಿ ಸೋಮವಾರ ಜನ ಹೆಚ್ಚು. ಹಿಂದಿನ ವಾರ ಕೊಂಡ ಕನ್ನಡಕವನ್ನು ಭಾನುವಾರವೆಲ್ಲ ಹಾಕಿ ನೋಡಿ ಜಗಳಕ್ಕೆ ಬರುವ ದಿನ. ಅಂದು ಬಂದ ದಪ್ಪ ಮೀಸೆಯ ಮನುಷ್ಯ ಹೊಸ ಕನ್ನಡಕವನ್ನು ಮೇಜಿನ ಮೇಲೆ ಎಸೆದು, "ಮೆಟ್ಟಿಲು ಎಲ್ಲೋ ಇರುತ್ತೆ, ಕಾಲು ಎಲ್ಲೋ ಹೋಗುತ್ತೆ! ಸಾಯಿಸಬೇಕು ಅಂತಿದ್ದೀರಾ?" ಎಂದು ಕೂಗಾಡಿದ. ಅಂಗಡಿಯ ಯಜಮಾನರು ಅವನನ್ನು ಸಮಾಧಾನ ಮಾಡುತ್ತ ಕನ್ನಡಕವನ್ನು ಒಳಗೆ ಕಳಿಸಿದರು. ಅವಳು ಅದನ್ನು ಅಳೆಯುವ ಯಂತ್ರದ ಕೆಳಗಿಟ್ಟಳು. ಎಡಗಾಜಿನ ನಡುಬಿಂದು ಕೂದಲೆಳೆಯಷ್ಟು ಕೆಳಗೆ ಕೂತಿತ್ತು. ಅವಳೇ ಕೂರಿಸಿದ್ದು. ಅದಕ್ಕೆ ಅವಳಿಗೆ ಬೇಸರವೇನೂ ಆಗಲಿಲ್ಲ. ಹೊಸ ಗಾಜು ತೆಗೆದು ಗುರುತು ಹಾಕಿ ಉಜ್ಜತೊಡಗಿದಳು. "ಚೆನ್ನಾಗಿದೆ, ಚೆನ್ನಾಗಿದೆ" ಎಂದು ನಗುತ್ತ ಹೋಗಿ, ಆ ಕನ್ನಡಕವನ್ನು ಮನೆಯ ಮೂಲೆಯಲ್ಲಿಟ್ಟು, ಮುಂದಿನ ಸಲ ಬೇರೆ ಅಂಗಡಿಗೆ ಹೋಗುವ ಗಿರಾಕಿಗಳಿಗೆ ಹೋಲಿಸಿದರೆ ಕೂಗಾಡುವವನೇ ವಾಸಿ ಎಂದು ಅವಳು ಹೊಸ ಹುಡುಗಿಯರಿಗೆ ಎಷ್ಟೋ ಸಲ ಹೇಳಿದ್ದುಂಟು.

ಗಾಜು ಉಜ್ಜುತ್ತಿದ್ದ ಕೈ ನಿಂತಿತು. ಮೀಸೆಯವನ ಕೂಗಿನಲ್ಲಿ ಮೀಸೆಯನ್ನು ಬಿಟ್ಟು ಮೆಟ್ಟಿಲನ್ನು ಮಾತ್ರ ಹೆಕ್ಕಿಕೊಂಡ ತಾನು, ಒಂಟಿಕುದುರೆಯ ಮಾತಿನಲ್ಲಿ ಈರುಳ್ಳಿಯನ್ನು ಮಾತ್ರ ಹೆಕ್ಕಿಕೊಂಡದ್ದು ಯಾಕೆ?

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಫೋನಿನಲ್ಲಿ ಹಲಗೆ ಇಟ್ಟಳು. ಕಪ್ಪು ಮನೆಗಳ ಒಂಟೆ, ಅಂಚಿನ ಪದಾತಿ, ಎರಡು ರಾಜ. ಬರಿಗೈ ರಾಜನನ್ನು ಬಿಳಿ ಮೂಲೆಗೆ ನಡೆಸಿ ಕೂರಿಸಿದಳು. ಪದಾತಿಯನ್ನು ತಳ್ಳಿದಳು. ಒಂಟೆಯನ್ನು ಅತ್ತ ಇತ್ತ ಓಡಾಡಿಸಿದಳು. ಒಂಟೆ ಎಲ್ಲಿ ನಿಂತರೂ ಆ ಮೂಲೆ ಅದಕ್ಕೆ ಎಟುಕದು. ಗಟ್ಟಿಯಾಗಿ ಒತ್ತಿದರೆ ರಾಜನಿಗೆ ನಡೆಯೇ ಇಲ್ಲದಂತಾಗಿ ಆಟ ಸಮವಾಗುತ್ತಿತ್ತು. ಒತ್ತದಿದ್ದರೆ ರಾಜ ಮೂಲೆಯಿಂದ ಪಕ್ಕದ ಮನೆಗೆ, ಪಕ್ಕದ ಮನೆಯಿಂದ ಮೂಲೆಗೆ ಹಾಯಾಗಿ ಓಡಾಡಿಕೊಂಡಿರುತ್ತಿದ್ದ. ಎಷ್ಟು ಸಲ ಆಡಿದರೂ ಅದೇ.

ಒಂಟಿಕುದುರೆ ಹೇಳಿದ್ದು ಅಕ್ಷರಶಃ ನಿಜ. ಅವಳ ಅಜ್ಜ ಬಂದರೂ ಎಬ್ಬಿಸಲಾಗುತ್ತಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ಇದು ಸೋತ ಆಟ ಎಂದು ಅವಳು ನಂಬಿದ್ದು ಹೇಗೆ? ಉತ್ತರಕ್ಕೆ ಹುಡುಕಬೇಕಾಗಿರಲಿಲ್ಲ. ಅವಳಿಗೆ ಆಟ ಕಲಿಸಿದ್ದು ಮಾವ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವರಿಗೆ ಆಡಲು ಜೊತೆ ಬೇಕಿತ್ತು. ಮದುವೆಯಾಗಿ ಹೊಸದಾಗಿ ಬಂದ ಸೊಸೆ ಸಿಕ್ಕಿದಳು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಹಾಸಿಗೆಯ ಅಂಚಿನಲ್ಲಿ ಹಲಗೆ. ಆಟ ಸಂಜೆಯ ತನಕ ಎಳೆಯುತ್ತಿತ್ತು. ಅವಳ ಕಾಯಿಗಳೆಲ್ಲ ಹೋಗಿ, ಮಾವನಿಗೆ ಆ ಒಂಟೆ, ಆ ಪದಾತಿ ಉಳಿದಾಗ ಮಾವ ದಿಂಬಿಗೆ ಒರಗಿ, "ಮುಗೀತು ಕಣಮ್ಮ, ಎತ್ತಿಡು," ಎನ್ನುತ್ತಿದ್ದರು. ಅವಳು ಎತ್ತಿಟ್ಟು ಒಲೆ ಹಚ್ಚಲು ಹೋಗುತ್ತಿದ್ದಳು. ಹಿರಿಯರು ಮುಗಿಯಿತು ಎಂದ ಮೇಲೆ ಮುಗಿಯಿತೇ ಎಂದು ನೋಡುವವರು ಯಾರು? ಮಾವ ತೀರಿಕೊಂಡ ಮೇಲೆ ಫೋನಿನಲ್ಲಿ ಆಡತೊಡಗಿದಾಗಲೂ, ಅಂಥ ಘಟ್ಟ ಬಂದರೆ ತಾನೇ ಮುಂದಾಗಿ ಸೋಲೊಪ್ಪಿಕೊಳ್ಳುತ್ತಿದ್ದಳು. ಎದುರಿನವರು ಯಾರೂ ಬೇಡ ಎಂದಿರಲಿಲ್ಲ.

*

ಸಂಜೆ ಮನೆಗೆ ಬಂದವಳು ಕೈಚೀಲವನ್ನೂ ಇಳಿಸದೆ ಅತ್ತೆಯ ಎದುರು ನಿಂತಳು.

"ಅತ್ತೆ, ಮಾವನಿಗೆ ಚದುರಂಗದಲ್ಲಿ ಸೋಲೋದು ಅಂದ್ರೆ ಆಗ್ತಿರ್ಲಿಲ್ಲ, ಅಲ್ವಾ?"

"ಯಾವ ಗಂಡಸಿಗೆ ಆಗುತ್ತೆ?" ಎಂದರು ಅತ್ತೆ, ಬಟ್ಟೆ ಮಡಚುತ್ತ. "ಯಾಕೆ ಈಗ ಅವರ ಸುದ್ದಿ?"

"ಏನಿಲ್ಲ. ಆಟ ಮುಗಿದಿಲ್ದೇ ಇದ್ರೂ ಮುಗೀತು ಅಂತ ಹೇಳ್ತಿದ್ರು ಅನ್ಸುತ್ತೆ. ಅವರಿಗೂ ಗೊತ್ತಿರ್ಲಿಲ್ವೇನೋ."

ಅತ್ತೆಯ ಮಡಚುವ ಕೈ ನಿಲ್ಲಲಿಲ್ಲ. "ಅವರಿಗೆ ಗೊತ್ತಿಲ್ದೇ ಏನು! ನೀನು ಹಲಗೆ ಎತ್ತಿಟ್ಟು ಅಡುಗೆಮನೆಗೆ ಹೋಗ್ತಿದ್ದ ಹಾಗೇ ನಗೋರು. 'ಪಾಪ, ಆ ಮೂಲೇಲಿ ಹೋಗಿ ಕೂತಿದ್ರೆ ನನಗೇನೂ ಮಾಡೋಕಾಗ್ತಿರ್ಲಿಲ್ಲ, ಪೆದ್ದಿ, ಬಿಟ್ಕೊಟ್ಳು' ಅನ್ನೋರು. ದಿನಾ ನಗೋರು. ನನಗೆ ಆಟ ಬರ್ದಿದ್ರೂ ಆ ಮೂಲೆ ಮಾತ್ರ ಗೊತ್ತಾಗಿಹೋಗಿತ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ನೀವ್ಯಾಕೆ ನನಗೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೂಲೇಲಿ ಕೂರ್ತಿದ್ದೆ," ಎಂದರು ಅತ್ತೆ, ಅವಳನ್ನು ಇದೇ ಮೊದಲ ಸಲ ನೋಡುವವರಂತೆ ನೋಡಿ. "ಟೀ ಯಾರು ಮಾಡ್ತಿದ್ರು?"

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಬೆನ್ನಿಗೇ ನಗುವೂ ಬಂದು ಕೆಮ್ಮು ಹತ್ತಿತು. ಸೊಸೆ ಕೆಮ್ಮುವುದನ್ನು ಕಂಡು ಅತ್ತೆಯೂ ನಗತೊಡಗಿದರು. ತಾನು ಮಾವನ ಹತ್ತಿರ ಕಲಿತದ್ದು ಆಟವನ್ನಷ್ಟೇ ಎಂದು ಅವಳು ತಿಳಿದಿದ್ದಳು. ಬಿಟ್ಟುಕೊಡುವುದನ್ನೂ ಅಷ್ಟೇ ಚೆನ್ನಾಗಿ ಕಲಿತಿದ್ದಳು. ಶನಿವಾರ ಅದನ್ನು ಒಂದು ಕೋಣೆ ತುಂಬ ಜನಕ್ಕೆ ಹಂಚಿದ್ದಳು, ಮರ್ಯಾದೆ ಎಂಬ ಹೆಸರಿಟ್ಟು. ಆ ಜನರಲ್ಲಿ ಮುಕ್ಕಾಲು ಪಾಲು ಹೆಂಗಸರು.

ರಾತ್ರಿಯ ಅಡುಗೆಗೆ ಮೊದಲೇ ಸ್ಟೇಷನ್ ಮಾಸ್ಟರರ ಫೋನು ಬಂತು. "ಏನಮ್ಮ, ಹೂಂ ತಾನೇ? ಪ್ರಕಟಣೆ ಬರೆದಿಟ್ಟಿದ್ದೀನಿ."

"ಬೇಡ ಸರ್. ಅವನು ಹೇಳಿದ್ದು ಸರಿ. ನಾನು ಹೇಳಿಕೊಟ್ಟಿದ್ದೇ ತಪ್ಪು."

"ಸರಿ ಇರಬಹುದಮ್ಮ. ಆದರೆ ಅದನ್ನ ಹೇಳೋದಕ್ಕೆ ಒಂದು ರೀತಿ ಇದೆ. ನನಗೂ ಗೊತ್ತಿತ್ತು ಅದು ಸಮ ಅಂತ. ಡಾಕ್ಟ್ರಿಗೂ ಗೊತ್ತಿತ್ತು. ನಾವು ಹೇಳಿದ್ವಾ?"

"ಇಲ್ಲ ಸರ್," ಎಂದಳು. "ನೀವು ಹೇಳ್ಲಿಲ್ಲ."

"ನೋಡಿ ಮತ್ತೆ!" ಎಂದರು ಅವರು, ಗೆದ್ದವರಂತೆ. ಆಮೇಲೆ ದನಿ ಇಳಿಸಿ, "ಒಪ್ಕೊಂಡ್ರೆ ಜನ ಹಗುರವಾಗಿ ನೋಡ್ತಾರಮ್ಮ. ಆಮೇಲೆ ನಿಮ್ಮ ಕ್ಲಾಸಿಗೆ ಯಾರು ಬರ್ತಾರೆ? ಯೋಚನೆ ಮಾಡಿ," ಎಂದರು.

ಅದನ್ನೇ ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದ್ದಳು. ಫೋನು ಇಟ್ಟು, ಧೈರ್ಯ ಆರಿಹೋಗುವ ಮೊದಲೇ ಒಂಟಿಕುದುರೆಗೆ ಬರೆದಳು: "ಒಂಟೆ ವಿಷಯದಲ್ಲಿ ನೀವು ಸರಿ. ಶನಿವಾರ ತಿದ್ದಿ ಹೇಳ್ತೀನಿ. ಈರುಳ್ಳಿ ಮಾತು ಬೇಕಾಗಿರ್ಲಿಲ್ಲ. ಅಂಥದ್ದು ಇನ್ನೊಂದ್ಸಲ ಬರೆದ್ರೆ ನಾನೇ ಹೊರಗೆ ಹಾಕಿಸ್ತೀನಿ."

ಕುಕ್ಕರು ಕೂಗುವುದರೊಳಗೆ ಉತ್ತರ ಬಂತು. "ಈರುಳ್ಳಿ ವಾಪಸ್ ತಗೊಂಡಿದ್ದೀನಿ. ಒಂಟೆ ಅಲ್ಲೇ ಇರಲಿ."

ಕ್ಷಮೆ ಎಂಬ ಪದವೇ ಇರಲಿಲ್ಲ. ಆದರೂ ಅದು ಅವಳಿಗೆ ಹೂವಿಗಿಂತ ಹೆಚ್ಚೆನಿಸಿತು. ಹೆಚ್ಚೆನಿಸಿದ್ದಕ್ಕೆ ತನ್ನ ಮೇಲೆಯೇ ಸ್ವಲ್ಪ ಬೇಜಾರೂ ಆಯಿತು.

*

ಶನಿವಾರ ಬಾಗಿಲು ಮುಚ್ಚಿಕೊಂಡು, ಎರಡು ಸಲ ನೀರು ಕುಡಿದು ಶುರುಮಾಡಿದಳು. "ಹೋದ ವಾರ ನಾನು ಹೇಳಿಕೊಟ್ಟಿದ್ದು ತಪ್ಪು," ಎಂದಳು. ಇದನ್ನು ಹೇಳಿದ ಕೂಡಲೇ ನೆಲ ಬಾಯಿಬಿಡುತ್ತದೆ ಎಂದು ಎಣಿಸಿದ್ದಳು. ನೆಲ ಹಾಗೇ ಇತ್ತು.

"ಅಯ್ಯೋ, ಇಲ್ಲ ಅಕ್ಕ!" ಎಂದಳು ಸದಾ ಮೊದಲು ಮಾತಾಡುವ ಒಬ್ಬ ವಿದ್ಯಾರ್ಥಿನಿ. ಬಳಗದಲ್ಲಿ ಅವಳು ಮಲ್ಲಿಗೆಮೊಗ್ಗು. "ನೀವು ತಪ್ಪು ಹೇಳ್ತೀರಾ?"

"ಹೇಳಿದ್ದೀನಲ್ಲ. ನೋಡಿ, ಈ ಮೂಲೆ ಬಿಳಿ..."

"ಅದೆಲ್ಲ ಅವನು ತಲೆ ಕೆಡಿಸಿದ್ದು ಅಕ್ಕ. ನೀವು ತುಂಬಾ ಮೃದು. ಯಾರೋ ಏನೋ ಅಂದ್ರು ಅಂತ ನಿಮ್ಮ ಮಾತು ಬದಲಾಯಿಸ್ಬೇಡಿ."

"ಹೌದಕ್ಕ, ನಾವೆಲ್ಲ ನಿಮ್ಮ ಕಡೆ," ಎಂದಿತು ಇನ್ನೊಂದು ದನಿ. ಹೂವುಗಳ ಚಿತ್ರ ಬರತೊಡಗಿದವು.

"ಇದರಲ್ಲಿ ಕಡೆ ಎಲ್ಲಿಂದ ಬಂತು? ರಾಜನ್ನ ಇಲ್ಲಿ ಕೂರಿಸಿ, ಒಂಟೆ ನಡೆಸಿ, ನೀವೇ ಆಡಿ ನೋಡಿ."

"ಬೇಡ ಅಕ್ಕ. ನೀವು ಹೋದ ವಾರ ಹೇಳಿದ್ದೇ ನಮಗೆ ಸಾಕು. ಅದನ್ನ ಬರ್ಕೊಂಡೂ ಆಗಿದೆ."

ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟ ಎಂದು ಅವಳು ಹೆದರಿದ್ದಳು. ಒಪ್ಪಿಸುವುದು ಇನ್ನೂ ಕಷ್ಟವಾಗಿತ್ತು. ಒಂಟೆಯನ್ನು ಎತ್ತಿ ಇಟ್ಟು ತೋರಿಸಿದಳು, ಅವರು ಸಮಾಧಾನ ಹೇಳಿದರು. ಮೂಲೆಯನ್ನು ತೋರಿಸಿದಳು, ಅವರು ಧೈರ್ಯ ಹೇಳಿದರು. ಮಲ್ಲಿಗೆಮೊಗ್ಗು, "ನೀವು ಅಳ್ಬೇಡಿ ಅಕ್ಕ," ಎಂದಳು. ಅವಳು ಅಳುತ್ತಿರಲಿಲ್ಲ.

"ಸಾಕು ಮಾಡ್ರೀ!" ಎಂದು ಕಿರುಚಿದ ದನಿ ತನ್ನದೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಹಿಡಿಯಿತು. "ನನಗೇನು ಜ್ವರ ಬಂದಿದೆಯಾ, ಎಲ್ಲರೂ ಸಮಾಧಾನ ಹೇಳೋಕೆ? ಕಣ್ಣಿದೆಯಲ್ಲ, ಹಲಗೆ ನೋಡಿ! ನಾನು ಸೋಲೊಪ್ಕೊಳ್ಳಿ ಅಂದೆ, ನೀವು ತಲೆ ಆಡಿಸಿದ್ರಿ. ಒಬ್ಬರಾದ್ರೂ ಯಾಕೆ ಅಂತ ಕೇಳಿದ್ರಾ? ಹೂವು ಕಳಿಸೋಕೆ ಬರೋರು ಬರ್ಲೇಬೇಡಿ!"

ಹೂವು ನಿಂತವು. ಎಲ್ಲಾ ಹಾಳಾಯಿತು ಎಂದುಕೊಂಡು, ಹಾಳಾದದ್ದು ಹೇಗೂ ಹಾಳಾಯಿತು ಎಂದು ಪಾಠ ಮುಂದುವರಿಸಿದಳು. ಮುಗಿದ ಮೇಲೆ ಯಾರೂ ಅದ್ಭುತ ಎನ್ನಲಿಲ್ಲ. ಒಂಟಿಕುದುರೆ ಮಾತ್ರ ಒಂದು ಸಾಲು ಬರೆದಿದ್ದ: "ವಿಷಯ ಸರಿ. ಅಷ್ಟು ಕೂಗೋ ಅಗತ್ಯ ಇರ್ಲಿಲ್ಲ."

ಭಾನುವಾರ ಸ್ಟೇಷನ್ ಮಾಸ್ಟರು ಫೋನು ಮಾಡಿದಾಗ ಅವರ ದನಿಯಲ್ಲಿ ಅಪಘಾತದ ಸುದ್ದಿ ತಿಳಿಸುವವರ ಗಾಂಭೀರ್ಯವಿತ್ತು. "ಒಂದು ದೂರು ಬಂದಿದೆಯಮ್ಮ. ಒರಟು ಮಾತಿನ ಬಗ್ಗೆ."

"ಒಂಟಿಕುದುರೆ ಮೇಲಾ?"

"ಅಲ್ಲ. ನಿಮ್ಮ ಮೇಲೆ."

ಮಲ್ಲಿಗೆಮೊಗ್ಗು ಬರೆದಿದ್ದಳು. ಸ್ಟೇಷನ್ ಮಾಸ್ಟರು ಅದನ್ನು ಗಂಟಲು ಸರಿಮಾಡಿಕೊಂಡು ಓದಿದರು. ಉದ್ದವಾಗಿತ್ತು, ವಿನಯದಿಂದ ತುಂಬಿತ್ತು, ಕೊನೆಯಲ್ಲಿ "ಅಕ್ಕ ಮೊದಲು ಹೀಗಿರಲಿಲ್ಲ" ಎಂದಿತ್ತು. "ಅವರು ಹೂಂ ಅಂದ್ರೆ ನೀವೇ ಹೊರಗೆ ಹೋಗ್ಬೇಕಾಗುತ್ತೆ, ನಿಯಮ ಹಾಗಿದೆ. ನಾನು ಹೇಗೋ ಸಮಾಧಾನ ಮಾಡಿ ಇದನ್ನ ಅಳಿಸಿಹಾಕಿಸ್ತೀನಿ."

"ಅಳಿಸ್ಬೇಡಿ ಸರ್," ಎಂದಳು. "ಕೂಗಿದ್ದು ತಪ್ಪು, ಅದಕ್ಕೆ ಅವಳ ಹತ್ರ ನಾನೇ ಕ್ಷಮೆ ಕೇಳ್ತೀನಿ. ಮೂಲೆ ವಿಷಯಕ್ಕೆ ಕೇಳಲ್ಲ. ಆ ಕೊನೇ ಸಾಲು ಇನ್ನೊಂದ್ಸಲ ಓದ್ತೀರಾ?"

ಅವರು ಓದಿದರು. ಅವಳು ಕೇಳಿಸಿಕೊಂಡಳು.

ಮಲ್ಲಿಗೆಮೊಗ್ಗು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹಲ್ಲಿನ ಡಾಕ್ಟರ ಕ್ಲಾಸಿಗೆ ಹೋಗಿ ಸೇರಿದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು. ಮುಂದಿನ ಶನಿವಾರ ಬಾಗಿಲು ಮುಚ್ಚಿ ಕೂತಾಗ ತೆರೆಯ ಮೇಲಿನ ಹೆಸರುಗಳ ಸಾಲು ಅರ್ಧಕ್ಕೆ ಇಳಿದಿತ್ತು. ಸ್ಟೇಷನ್ ಮಾಸ್ಟರರ ಮಾತು ನಿಜವಾಗಿತ್ತು. ಹೋದವರ ಹೆಸರುಗಳೆಲ್ಲ ನೆನಪಿದ್ದವು. ಒಬ್ಬೊಬ್ಬರೂ ಬೇಕು ಎನಿಸಿತು, ಅವರ ಹೂವುಗಳ ಸಮೇತ.

ಆದರೂ ಶುರುಮಾಡಿದಳು. ಕುದುರೆ ಮತ್ತು ಪದಾತಿಯ ಪಾಠ. ಅರ್ಧ ದಾರಿಯಲ್ಲಿ, ಇಷ್ಟು ದಿನ ಒಮ್ಮೆಯೂ ಬಾಯಿಬಿಡದಿದ್ದ ಹೆಂಗಸೊಬ್ಬಳು ಮೈಕು ತೆರೆದಳು. ಹಿಂದೆ ಮಗು ಅಳುತ್ತಿತ್ತು, ಯಾರೋ ಅವಳನ್ನು ಕೂಗುತ್ತಿದ್ದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ."

"ಮಾಡ್ಕೊಳ್ತೀನಿ. ಹೇಳಿ."

"ನೀವು ಈಗ ಕುದುರೆ ಆ ಕಡೆ ಇಟ್ರಿ ನೋಡಿ... ಅಲ್ಲಿಟ್ರೆ ಪದಾತಿ ಕೈಬಿಟ್ಟು ಹೋಗುತ್ತೆ ಅನ್ಸುತ್ತೆ." ಹಿಂದಿನ ಕೂಗು ಜೋರಾಯಿತು. ಹೆಂಗಸು ಆ ಕಡೆ ತಿರುಗಿ, "ತಡೀರಿ, ಆಟ ನಡೀತಿದೆ!" ಎಂದು ಕೂಗಿ, ಮತ್ತೆ ಈ ಕಡೆ ತಿರುಗಿದಳು. "ಇಲ್ಲ, ಹೋಗೇ ಹೋಗುತ್ತೆ ಅಕ್ಕ."

ಅವಳು ಹಲಗೆ ನೋಡಿದಳು. ಮುಖ ಬಿಸಿಯಾಯಿತು. ಬಾಗಿಲ ಆಚೆ ಗಂಡ ಏನೋ ಕೇಳುತ್ತಿದ್ದ. ಅವಳು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡಳು.

"ಹೇಗೆ ಹೋಗುತ್ತೆ, ತೋರಿಸಿ," ಎಂದಳು.